ನಾಬ್ ಇಲ್ಲದ ಟೆಂಪೆಸ್ಟ್ ಟೆಂಪೆಸ್ಟೇ ಅಲ್ಲ

ಕೇಳುಗರಿಗೆ ನಮಸ್ಕಾರ.

1981ರಲ್ಲಿ ಅಟಾರಿ ಕಂಪನಿ ಟೆಂಪೆಸ್ಟ್ ಎನ್ನುವ ಆರ್ಕೇಡ್ ಆಟವನ್ನು, ಅಂದರೆ ನಾಣ್ಯ ಹಾಕಿ ಆಡುವ ಯಂತ್ರದ ಆಟವನ್ನು ತಂದಿತು. ಅದಕ್ಕೆ ಜಾಯ್‌ಸ್ಟಿಕ್ ಇರಲಿಲ್ಲ. ಬದಲಿಗೆ ಒಂದು ನಾಬ್ ಇತ್ತು. ಅದನ್ನು ಎಷ್ಟು ಸುತ್ತು ಬೇಕಾದರೂ ತಿರುಗಿಸಬಹುದು, ಎಲ್ಲೂ ತಡೆ ಇಲ್ಲ. ಜೋರಾಗಿ ತಿರುಗಿಸಿದರೆ ನಿಮ್ಮ ಬಂದೂಕು ಸುರಂಗದ ಅಂಚಿನಲ್ಲಿ ಸರ್ರನೆ ಓಡುತ್ತದೆ. ಚೂರೇ ಚೂರು ತಿರುಗಿಸಿದರೆ ಪಕ್ಕದ ಪಟ್ಟೆಗೆ ಮಾತ್ರ ಸರಿಯುತ್ತದೆ. ಇದೇ ಆಟವನ್ನು ಕೀಬೋರ್ಡಿನ ಬಾಣದ ಕೀಲಿ ಒತ್ತಿ ಆಡಿ ನೋಡಿ. ಬಂದೂಕು ಒಂದೇ ವೇಗದಲ್ಲಿ ಚಲಿಸುತ್ತದೆ. ಚಿತ್ರವೂ ಅದೇ, ಸದ್ದೂ ಅದೇ. ಆಟ ಮಾತ್ರ ಅದಲ್ಲ.

1997ರಲ್ಲಿ ನಿಕೋಲಾ ಸಾಲ್ಮೋರಿಯಾ ಎನ್ನುವವರು ಮೇಮ್ ಎಂಬ ಸಾಫ್ಟ್‌ವೇರ್ ಶುರು ಮಾಡಿದರು. ಹಳೆಯ ಯಂತ್ರದ ಚಿಪ್‌ಗಳು ಮಾಡುತ್ತಿದ್ದ ಕೆಲಸವನ್ನು ಅದು ಇವತ್ತಿನ ಕಂಪ್ಯೂಟರಿನಲ್ಲಿ ಮಾಡಿಸುತ್ತದೆ. ಸಾವಿರಾರು ಆಟಗಳು ಹೀಗೆ ಉಳಿದುಕೊಂಡವು. ದೊಡ್ಡ ಕೆಲಸ ಅದು. ಆದರೆ ಚಿಪ್‌ನಲ್ಲಿದ್ದದ್ದು ಪ್ರೋಗ್ರಾಂ ಮಾತ್ರ. ಸ್ಪ್ರಿಂಗು, ಬೇರಿಂಗು, ಲೋಹದ ತೂಕ ಇವು ಚಿಪ್‌ನಲ್ಲಿ ಇರುವುದಿಲ್ಲ ಅಲ್ವಾ? ಅವನ್ನು ಯಾರಾದರೂ ಕೈಯಿಂದಲೇ ಮತ್ತೆ ಮಾಡಬೇಕು.

ನಾಬ್ ತಿರುಗಿದ್ದು ಯಂತ್ರಕ್ಕೆ ಗೊತ್ತಾಗುವುದು ಹೇಗೆ, ಮೊದಲು ಅದನ್ನು ಹೇಳುತ್ತೇನೆ. ಆಟಗಾರರು ಇದನ್ನು ಸ್ಪಿನ್ನರ್ ಎನ್ನುತ್ತಾರೆ. ನಾಬ್ ಕೂತಿರುವ ಅಕ್ಷದ ಕೆಳಗೆ ಒಂದು ತೆಳು ತಟ್ಟೆ ಇರುತ್ತದೆ. ಅದರ ಅಂಚಿನ ತುಂಬ ಹಲ್ಲುಗಳು. ಟೆಂಪೆಸ್ಟ್‌ನ ತಟ್ಟೆಗೆ 72 ಹಲ್ಲು. ತಟ್ಟೆಯ ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕು ಗುರುತಿಸುವ ಸೆನ್ಸರ್. ತಟ್ಟೆ ತಿರುಗಿದಂತೆ ಹಲ್ಲು ಬೆಳಕನ್ನು ಮುಚ್ಚುತ್ತದೆ, ಸಂದಿ ಬಿಡುತ್ತದೆ. ಯಂತ್ರ ಅದನ್ನು ಎಣಿಸುತ್ತದೆ. ಆದರೆ ಒಂದೇ ಸೆನ್ಸರ್ ಇದ್ದರೆ ಎಡಕ್ಕೆ ತಿರುಗಿತೋ ಬಲಕ್ಕೋ ತಿಳಿಯುವುದಿಲ್ಲ. ಅದಕ್ಕೇ ಎರಡು ಸೆನ್ಸರ್ ಇರುತ್ತವೆ, ಒಂದಕ್ಕಿಂತ ಒಂದು ಸ್ವಲ್ಪ ಸರಿದು. ಯಾವುದು ಮೊದಲು ಬದಲಾಯಿತು ಎನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಒಳಗೆ ರಬ್ಬರ್ ಚೆಂಡು ಇರುತ್ತಿದ್ದ ಹಳೆಯ ಮೌಸ್ ಕೂಡ ಇದೇ ಉಪಾಯದಿಂದ ನಡೆಯುತ್ತಿತ್ತು. ಹಾಗಾಗಿ ಮನೆಯಲ್ಲಿ ಸ್ಪಿನ್ನರ್ ಮಾಡುವವರು ಬಹಳ ಕಾಲ ಹಳೆಯ ಮೌಸನ್ನೇ ಬಿಚ್ಚಿ ಬಳಸಿದರು. ಈಗ ಚಿಪ್‌ನಲ್ಲೇ ಯುಎಸ್‌ಬಿ ಇರುವ, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು. ಅದರಲ್ಲಿ ಸರಿಯಾದ ಪ್ರೋಗ್ರಾಂ ಹಾಕಿದರೆ ಕಂಪ್ಯೂಟರ್ ಅದನ್ನು ಮೌಸ್ ಎಂದೇ ತಿಳಿಯುತ್ತದೆ.

ಹಾಗಿದ್ದರೆ ಒಂದು ಸ್ಪಿನ್ನರ್ ಮಾಡಿಟ್ಟುಕೊಂಡರೆ ಎಲ್ಲ ಆಟಕ್ಕೂ ಆಗುವುದಿಲ್ಲವೇ? ಪೂರ್ತಿ ಆಗುವುದಿಲ್ಲ. ದಾಂಡಿನಿಂದ ಚೆಂಡು ಹೊಡೆದು ಇಟ್ಟಿಗೆ ಒಡೆಯುವ 1986ರ ಅರ್ಕನಾಯ್ಡ್ ಆಟದ ನಾಬ್‌ನಲ್ಲಿ ಗೇರ್ ಇದೆ. ನಾಬ್ ಒಂದು ಸುತ್ತು ಬಂದರೆ ಒಳಗಿನ ತಟ್ಟೆ ಎಷ್ಟೋ ಸುತ್ತು ಬರುತ್ತದೆ. ಹಾಗಾಗಿ ಎಣಿಕೆ ತುಂಬ ನುಣುಪು. ಕಡಿಮೆ ಹಲ್ಲಿನ ತಟ್ಟೆ ಹಾಕಿ, ಎಣಿಕೆಯನ್ನು ಪ್ರೋಗ್ರಾಂನಲ್ಲಿ ಗುಣಿಸಿದರೆ ಪರದೆಯ ದಾಂಡು ಕುಪ್ಪಳಿಸುತ್ತದೆ. ಚೆಂಡಿನ ಕೆಳಗೆ ಸರಿಯಾಗಿ ನಿಲ್ಲುವುದೇ ಇಲ್ಲ. ಜಾಸ್ತಿ ಎಣಿಕೆಯನ್ನು ಭಾಗಿಸಿ ಕಡಿಮೆ ಮಾಡಬಹುದು, ಇಲ್ಲದ್ದನ್ನು ತರುವುದಕ್ಕಾಗದು. ಅದಕ್ಕೇ ಹೇಳುತ್ತೇನೆ, ಎನ್‌ಕೋಡರ್, ಅಂದರೆ ತಿರುಗಿದ್ದನ್ನು ಎಣಿಸುವ ಈ ಭಾಗ, ಕೊಳ್ಳುವಾಗ ಕಂಜೂಸು ಮಾಡಬೇಡಿ. ಒಂದು ಸುತ್ತಿಗೆ ಎಣಿಕೆ ಹೆಚ್ಚು ಕೊಡುವುದನ್ನೇ ತೆಗೆದುಕೊಳ್ಳಿ.

ತೂಕದ ಮಾತೂ ಇದೆ. ಹಗುರವಾದ ನಾಬ್ ಬೆರಳು ಬಿಟ್ಟ ಕೂಡಲೇ ನಿಂತುಬಿಡುತ್ತದೆ. ಅಕ್ಷಕ್ಕೆ ಭಾರದ ಲೋಹದ ಚಕ್ರ ಸೇರಿಸಿದರೆ ಅದು ತಾನೇ ಸುತ್ತುತ್ತಾ ಹೋಗುತ್ತದೆ. ಆಗ ಕೈಗೆ ಸಿಗುವ ಖುಷಿಯೇ ಬೇರೆ.

ಇನ್ನು 1983ರ ಸ್ಟಾರ್ ವಾರ್ಸ್ ಆಟದ ಯೋಕ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ವಿಮಾನದ ಸ್ಟಿಯರಿಂಗಿನ ಹಾಗೆ ಎರಡು ಹಿಡಿ. ಎಡಕ್ಕೆ ಬಲಕ್ಕೆ ತಿರುಗುತ್ತದೆ, ಹಿಡಿಗಳು ಹಿಂದೆ ಮುಂದೆ ವಾಲುತ್ತವೆ. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಟಾರಿಯವರು ಟ್ಯಾಂಕ್ ಯುದ್ಧದ ತಮ್ಮ ಬ್ಯಾಟಲ್‌ಜೋನ್ ಆಟವನ್ನು ಅಮೆರಿಕದ ಸೈನ್ಯದ ತರಬೇತಿಗಾಗಿ ಬದಲಾಯಿಸುತ್ತಿದ್ದರು. ಅದಕ್ಕೆ ಮಾಡಿದ ಹಿಡಿಕೆಯೇ ಮುಂದೆ ಸ್ಟಾರ್ ವಾರ್ಸ್‌ಗೆ ಬಂತು. ಇದರಲ್ಲಿ ಹಲ್ಲಿನ ತಟ್ಟೆ ಇಲ್ಲ. ಎರಡು ಪೊಟೆನ್ಶಿಯೋಮೀಟರ್ ಇವೆ, ಹಳೆಯ ರೇಡಿಯೋದ ಸದ್ದು ಹೆಚ್ಚು ಕಡಿಮೆ ಮಾಡುವ ಅದೇ ಭಾಗ. ಒಳಗಿನ ಪಟ್ಟಿ ಸವೆದಂತೆ ಪರದೆಯ ಗುರಿ ನಡುಗತೊಡಗುತ್ತದೆ.

ಹೊಸದಾಗಿ ಯೋಕ್ ಮಾಡುವವರಲ್ಲಿ ಇಲ್ಲಿ ಎರಡು ಪಂಗಡ. ಮೂಲದಲ್ಲಿ ಇದ್ದಂತೆಯೇ ಇರಬೇಕು ಎನ್ನುವವರು ಒಂದು ಕಡೆ. ಆಯಸ್ಕಾಂತದಿಂದ ನಡೆಯುವ ಹಾಲ್ ಸೆನ್ಸರ್ ಹಾಕೋಣ, ಅದರಲ್ಲಿ ಒಂದಕ್ಕೊಂದು ತಾಗುವುದೇ ಇಲ್ಲವಲ್ಲ, ಸವೆಯುವುದೂ ಇಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಜೊತೆ. ಕೈಗೆ ತಾಗುವ ಜಾಗದಲ್ಲಿ ರಾಜಿ ಬೇಡ. ಹಿಡಿಯ ದಪ್ಪ, ಸ್ಪ್ರಿಂಗಿನ ಬಿಗಿ, ಎಷ್ಟು ವಾಲುತ್ತದೆ ಎನ್ನುವುದು ಮೂಲದಂತೆಯೇ ಇರಲಿ. ಕಣ್ಣಿಗೆ ಕಾಣದ ಸೆನ್ಸರ್ ಬದಲಾದರೆ ಆಟಗಾರನ ಕೈಗೆ ಅದು ತಿಳಿಯುವುದೇ ಇಲ್ಲ.

ಇನ್ನೂ ವಿಚಿತ್ರ ಹಿಡಿಕೆಗಳಿವೆ. ಇಕಾರಿ ವಾರಿಯರ್ಸ್ ಆಟದ ಜಾಯ್‌ಸ್ಟಿಕ್ಕನ್ನು ದೂಡಿದರೆ ಸೈನಿಕ ನಡೆಯುತ್ತಾನೆ. ಅದರ ತುದಿಯನ್ನು ತಿರುಗಿಸಿದರೆ ಬಂದೂಕು ಬೇರೆ ಕಡೆ ತಿರುಗುತ್ತದೆ, ಒಂದು ಪೂರ್ತಿ ಸುತ್ತು ಬಂದರೆ 12 ಕ್ಲಿಕ್. ಸ್ಕೇಟ್‌ಬೋರ್ಡಿನ ಆಟ 720 ಡಿಗ್ರೀಸ್‌ನ ಹಿಡಿಕೆ ವೃತ್ತಾಕಾರದಲ್ಲಿ ಮಾತ್ರ ಓಡಾಡುತ್ತದೆ, ನಡುವಿಗೆ ಬರುವುದೇ ಇಲ್ಲ. ಇಂಥವು ಮುರಿದರೆ ಬಿಡಿಭಾಗ ಸಿಗುವುದು ಕಷ್ಟ. ಪ್ಯಾಕ್‌ಮ್ಯಾನ್‌ಗೆ ಅಷ್ಟು ಪಾಡಿಲ್ಲ. ನಾಲ್ಕೇ ದಿಕ್ಕಿಗೆ ಹೋಗುವ ಜಾಯ್‌ಸ್ಟಿಕ್ ಇದ್ದರಾಯಿತು. ಎಂಟು ದಿಕ್ಕಿನದು ಹಾಕಿದರೆ ಮೂಲೆಗಳಲ್ಲಿ ತಿರುವು ತಪ್ಪುತ್ತದೆ, ಅಷ್ಟು ನೆನಪಿಟ್ಟುಕೊಳ್ಳಿ.

ಒಂದು ವಿಷಯ ಒತ್ತಿ ಹೇಳಬೇಕು. ಮನೆಯ ಆಟಕ್ಕೆಂದು ಚೆನ್ನಾಗಿರುವ ಹಳೆಯ ಯಂತ್ರದಿಂದ ಹಿಡಿಕೆ ಕಿತ್ತು ತರಬೇಡಿ. ಅದು ಹೋದರೆ ಆ ಯಂತ್ರವೂ ಹೋಯಿತು. ಅಳತೆ ತೆಗೆದುಕೊಳ್ಳಿ, ಫೋಟೋ ತೆಗೆಯಿರಿ, ಸ್ಪ್ರಿಂಗ್ ಎಷ್ಟು ಬಿಗಿ ಇದೆ ಎಂದು ತೂಗಿ ನೋಡಿ. ಹಿಡಿಯನ್ನು ಸಿಲಿಕಾನ್ ಅಚ್ಚಿನಲ್ಲಿ ರೆಸಿನ್ ಸುರಿದು ಎರಕ ಹೊಯ್ಯಬಹುದು, ತ್ರೀಡಿ ಪ್ರಿಂಟರಿನಲ್ಲೂ ಮಾಡಬಹುದು. ಜಾಸ್ತಿ ಭಾರ ಬೀಳುವ ಗೇರಿಗೆ ಮಾತ್ರ ಪ್ರಿಂಟರ್ ಪ್ಲಾಸ್ಟಿಕ್ ನಂಬಬೇಡಿ. ನಿಮ್ಮ ನಕ್ಷೆಯನ್ನು ಬೇರೆಯವರಿಗೂ ಕೊಡಿ. ಇನ್ನು, ಹಳೆಯ ಯಂತ್ರ ತೆರೆದಾಗ ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಅಲ್ಲಿ ಅಪಾಯದ ವೋಲ್ಟೇಜ್ ಉಳಿದಿರುತ್ತದೆ.

ಹೊಸದಾಗಿ ಕೈ ಹಾಕುವವರು ಸ್ಪಿನ್ನರಿನಿಂದಲೇ ಶುರು ಮಾಡಿ. ಎರಡು ಬೇರಿಂಗ್, ಒಂದು ಅಕ್ಷ, ಒಂದು ಎನ್‌ಕೋಡರ್, ಒಂದು ಬೋರ್ಡ್, ಇಷ್ಟರಲ್ಲಿ ಮುಗಿಯುತ್ತದೆ. ಜೋಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಮೌಸಿನ ವೇಗವರ್ಧನೆ, ಅಂದರೆ ಬೇಗ ಸರಿಸಿದರೆ ಬಾಣವನ್ನು ಹೆಚ್ಚು ದೂರ ಓಡಿಸುವ ಸೆಟ್ಟಿಂಗ್, ಆಫ್ ಮಾಡಿ. ನಾಬ್ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಪರದೆಯ ನಡುವಿನಿಂದ ಹೊರಟು, ಅಂಚು ಮುಟ್ಟದಂತೆ, ಅರ್ಧ ಸುತ್ತು ಜೋರಾಗಿ ತಿರುಗಿಸಿ, ಮತ್ತೆ ಗೆರೆ ಮೊದಲಿದ್ದ ಜಾಗಕ್ಕೆ ತನ್ನಿ. ಪರದೆಯ ಬಾಣವೂ ಹೊರಟ ಜಾಗಕ್ಕೇ ವಾಪಸ್ ಬರಬೇಕು. ಬರದಿದ್ದರೆ ಎಲ್ಲೋ ಎಣಿಕೆ ತಪ್ಪುತ್ತಿದೆ. ಮೊದಲು ಸೆನ್ಸರ್ ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ಬೋರ್ಡಿನ ಪ್ರೋಗ್ರಾಂ ನೋಡಿ.

ನಮಸ್ಕಾರ.