ಲೋಧಿ ಕಾಲೊನಿಯ ಗೋಡೆಗಳ ಮುಂದೆ

ದೆಹಲಿಯ ಜೋರ್ ಬಾಗ್ ಮೆಟ್ರೊ ನಿಲ್ದಾಣದಿಂದ ಹೊರಬಂದು ಸ್ವಲ್ಪ ದೂರ ನಡೆದರೆ ಲೋಧಿ ಕಾಲೊನಿ ಸಿಗುತ್ತದೆ. 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕರರಿಗಾಗಿ ಕಟ್ಟಿಸಿದ ಈ ವಸತಿಗೃಹಗಳಲ್ಲಿ ಇಂದಿಗೂ ಸರ್ಕಾರಿ ನೌಕರರ ಕುಟುಂಬಗಳು ವಾಸವಾಗಿವೆ. ಖನ್ನಾ ಮಾರ್ಕೆಟ್ ಮತ್ತು ಮೆಹರ್‌ಚಂದ್ ಮಾರ್ಕೆಟ್ ನಡುವಣ ಬೀದಿಗಳಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ದೇಶವಿದೇಶಗಳ ಕಲಾವಿದರಿಂದ ಬರೆಸಿರುವ ಭಿತ್ತಿಚಿತ್ರಗಳ ಸಂಖ್ಯೆ ಈಗ 50ನ್ನು ದಾಟಿದೆ.

ಬೀದಿಗೆ ನೇರವಾಗಿ ಮುಖ ಮಾಡಿದ ಅಗಲವಾದ ಗೋಡೆ, ನಡುವೆ ಒಳಾಂಗಣಕ್ಕೆ ಕರೆದೊಯ್ಯುವ ಎತ್ತರದ ಕಮಾನು, ಎದುರಿಗೆ ಹಿಂದೆ ಸರಿದು ನಿಂತು ನೋಡಲು ಸಾಕಷ್ಟು ಜಾಗ, ಇವೆಲ್ಲ ಒಂದೇ ಕಡೆ ಇರುವುದರಿಂದಲೇ ಈ ಕಾಲೊನಿ ಚಿತ್ರಗಳಿಗೆ ಇಷ್ಟು ಚೆನ್ನಾಗಿ ಒಗ್ಗಿದೆ ಎಂದು ನನಗನ್ನಿಸುತ್ತದೆ. ಮೆಕ್ಸಿಕೊದ ಸೆಂಕೋ ಬರೆದ ಹಕ್ಕಿಗಳ ಗೋಡೆಯನ್ನೇ ನೋಡಿ. ದೂರದಿಂದ ಹಕ್ಕಿಗಳಷ್ಟೇ ಕಾಣುತ್ತವೆ. ಹತ್ತಿರ ಹೋದಂತೆ ಗಾರೆಯ ಒರಟು, ಕುಂಚದ ಗೆರೆಗಳು, ಕಮಾನಿನ ಆಚೆ ಒಣಗಲು ಹಾಕಿದ ಬಟ್ಟೆಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಜನ ಬದುಕುತ್ತಿರುವ ಮನೆಯ ಗೋಡೆ ಎಂಬುದೇ ಈ ಕಲೆಯ ಬೆಲೆಯನ್ನು ಹೆಚ್ಚಿಸಿದೆ.

ಬೆಂಗಳೂರಿನಿಂದ ಬಂದ ನಾನು ಹೆಚ್ಚು ಹೊತ್ತು ನಿಂತದ್ದು ಅರವಾಣಿ ಆರ್ಟ್ ಪ್ರಾಜೆಕ್ಟ್ 2019ರಲ್ಲಿ ರಚಿಸಿದ ‘ಟ್ರಾನ್ಸ್ ಲೈವ್ಸ್ ಮ್ಯಾಟರ್’ ಚಿತ್ರದ ಮುಂದೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಕುಂಚ ಹಿಡಿದು ಸಾರ್ವಜನಿಕ ಗೋಡೆಗಳಿಗೆ ಬಣ್ಣ ಬಳಿಯುವ ಈ ತಂಡ ನಮ್ಮ ಬೆಂಗಳೂರಿನದೇ, ಕೆ.ಆರ್. ಮಾರ್ಕೆಟ್‌ನಲ್ಲಿ ‘ನಾವು ಇದ್ದೇವೆ’ ಎಂಬ ಚಿತ್ರ ಬರೆದವರೂ ಇವರೇ. ಬೀದಿಯಲ್ಲಿ ಯಾರ ಕಡೆಗೆ ಜನ ನೋಡಿಯೂ ನೋಡದಂತೆ ಸಾಗಿಹೋಗುತ್ತಾರೋ, ಅವರೇ ಅದೇ ಬೀದಿಯ ಗೋಡೆಯ ಮೇಲೆ ಯಾರೂ ಕಡೆಗಣಿಸಲಾಗದಷ್ಟು ದೊಡ್ಡದಾಗಿ ಚಿತ್ರ ಬರೆದಿರುವುದು ನನಗೆ ಈ ಇಡೀ ಕಾಲೊನಿಯಲ್ಲೇ ಅತ್ಯಂತ ಮುಖ್ಯವಾದ ಸಂಗತಿ.

ಇನ್ನೊಂದು ಗೋಡೆಯಲ್ಲಿ ಫ್ರಾನ್ಸಿನ ಲೆಕ್ ಮತ್ತು ಸೋವಾ ಜೋಡಿ ಹನೀಫ್ ಕುರೇಶಿಯವರೊಂದಿಗೆ ಸೇರಿ ಅಕ್ಷರಗಳನ್ನು ಪದರಪದರವಾಗಿ ಹೆಣೆದಿದೆ. ಸ್ಟಾರ್ಟ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಕುರೇಶಿ, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವವರ ಕೈಬರಹವನ್ನು ಡಿಜಿಟಲ್ ಅಕ್ಷರವಿನ್ಯಾಸಗಳಾಗಿ ಉಳಿಸಲು ಶ್ರಮಿಸಿದವರು, 2024ರಲ್ಲಿ ತೀರಿಕೊಂಡರು.

ನೀವು ಬರುವುದಾದರೆ ಚಳಿಗಾಲದ ಬೆಳಗ್ಗೆ ಬನ್ನಿ, ಕಮಾನಿನ ಒಳಗೆ ಕ್ಯಾಮೆರಾ ತಿರುಗಿಸುವ ಮುನ್ನ ಅಲ್ಲಿನವರನ್ನು ಕೇಳಿ. ದೆಹಲಿಯ ಬಿಸಿಲು, ಮಳೆಗೆ ಬಣ್ಣ ಮಾಸುತ್ತದೆ, ಕೆಲವು ಗೋಡೆಗಳ ಮೇಲೆ ಹೊಸ ಚಿತ್ರಗಳೂ ಬರುತ್ತವೆ. ಹಾಗಾಗಿ ನಾನು ಕಂಡದ್ದೆಲ್ಲ ನಿಮಗೆ ಹೀಗೆಯೇ ಸಿಗಬೇಕೆಂದೇನಿಲ್ಲ.