ಕರಾರಿಗೆ ಕಟ್ಟಿದ ಹಳಿ: ಕೆನಡಾದ ಪೆಸಿಫಿಕ್ ರೈಲುಮಾರ್ಗ

ಕೇಳುಗರಿಗೆ ನಮಸ್ಕಾರ.

1867ರಲ್ಲಿ ಪೂರ್ವದ ಪ್ರಾಂತ್ಯಗಳು ಸೇರಿ ಕೆನಡಾ ಒಕ್ಕೂಟವಾದಾಗ ಪೆಸಿಫಿಕ್ ತೀರದ ಬ್ರಿಟಿಷ್ ಕೊಲಂಬಿಯ ಹೊರಗೇ ಉಳಿದಿತ್ತು. 1871ರಲ್ಲಿ ಅದು ಒಕ್ಕೂಟಕ್ಕೆ ಬಂದದ್ದು, ಹತ್ತು ವರ್ಷದೊಳಗೆ ತನ್ನ ನೆಲದವರೆಗೆ ರೈಲು ಬರಬೇಕೆಂಬ ಕರಾರಿನ ಮೇಲೆ. ಗಡುವು ತಪ್ಪಿತು, ನಮ್ಮ ಕಡೆಯ ಕಾಮಗಾರಿಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಗುತ್ತಿಗೆಯ ಮೇಲೆ ಕಣ್ಣಿಟ್ಟಿದ್ದ ಉದ್ಯಮಿಯಿಂದ ಚುನಾವಣೆಗೆ ಹಣ ಪಡೆದ ಹಗರಣದಲ್ಲಿ ಪ್ರಧಾನಿ ಮ್ಯಾಕ್‌ಡೊನಾಲ್ಡ್ 1873ರಲ್ಲಿ ಅಧಿಕಾರ ಬಿಟ್ಟರು, 1878ರಲ್ಲಿ ಮತ್ತೆ ಗೆದ್ದುಬಂದರು.

1881ರಲ್ಲಿ ಕೆನಡಿಯನ್ ಪೆಸಿಫಿಕ್ ಕಂಪನಿಗೆ ಸರ್ಕಾರ ಎರಡೂವರೆ ಕೋಟಿ ಡಾಲರಿನ ಜೊತೆಗೆ ಎರಡೂವರೆ ಕೋಟಿ ಎಕರೆ ಭೂಮಿಯನ್ನೂ ಕೊಟ್ಟಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಭೂಮಿಯೇ. ರೈಲಿಲ್ಲದೆ ಆ ಹುಲ್ಲುಗಾವಲಿಗೆ ಬೆಲೆಯಿಲ್ಲ, ರೈತರಿಲ್ಲದೆ ರೈಲಿಗೆ ಸರಕಿಲ್ಲ. ಆದ್ದರಿಂದ ಹಳಿ ಹಾಕಿದ ಕಂಪನಿಯೇ ಯುರೋಪಿನಲ್ಲಿ ಪ್ರಚಾರ ನಡೆಸಿ, ಒಕ್ಕಲುಗಳನ್ನು ಕರೆತಂದು, ಅವರಿಗೆ ಹೊಲ ಮಾರಿತು. ಕುದುರೆಗಾಡಿಯಲ್ಲಿ ಗೋಧಿ ಹೇರಿಕೊಂಡು ಹೋದ ರೈತ ಅದೇ ದಿನ ಮನೆಗೆ ಮರಳಬಹುದಾದಷ್ಟು ದೂರಕ್ಕೊಂದರಂತೆ ಹಳಿಯ ಪಕ್ಕದಲ್ಲಿ ಮರದ ಎತ್ತರದ ಕಣಜಗಳು ಎದ್ದವು, ಅವುಗಳ ಸುತ್ತ ಊರುಗಳು ಬೆಳೆದವು. ಆದರೆ ಆ ನೆಲ ಖಾಲಿಯಿರಲಿಲ್ಲ. ಕಾಡೆಮ್ಮೆಗಳು ಅಳಿದು ಹಸಿವಿಗೆ ಸಿಕ್ಕಿದ್ದ ಮೂಲನಿವಾಸಿಗಳನ್ನು ಹಳಿಯ ದಾರಿಯಿಂದ ದೂರದ ಮೀಸಲು ಪ್ರದೇಶಗಳಿಗೆ ಸರಿಸಲು ಸರ್ಕಾರ ಪಡಿತರವನ್ನೇ ತಡೆಹಿಡಿದದ್ದುಂಟು.

1885ರ ವಸಂತದಲ್ಲಿ ಸಸ್ಕಾಚೆವಾನ್ ಸೀಮೆಯ ಮೇಟಿ ಜನ, ಅಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು, ಲೂಯಿ ರಿಯೆಲ್‌ನ ಮುಂದಾಳತ್ವದಲ್ಲಿ ಬಂಡೆದ್ದಾಗ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಸುಪೀರಿಯರ್ ಸರೋವರದ ಉತ್ತರಕ್ಕೆ ಹಳಿ ಇನ್ನೂ ಅಲ್ಲಲ್ಲಿ ಕೂಡಿರಲಿಲ್ಲ. ಆ ಜಾಗಗಳಲ್ಲಿ, ಬಂಡಾಯ ಅಡಗಿಸಲು ಪೂರ್ವದಿಂದ ಹೊರಟ ಸೈನಿಕರು ಹಿಮದ ಮೇಲೆ ನಡೆದೂ ಜಾರುಬಂಡಿ ಏರಿಯೂ ಸಾಗಿದರು. ಹಾಗಿದ್ದೂ, ಹದಿನೈದು ವರ್ಷದ ಹಿಂದೆ ಪಶ್ಚಿಮಕ್ಕೆ ಹೊರಟ ದಂಡು ತಿಂಗಳುಗಟ್ಟಲೆ ತೆಗೆದುಕೊಂಡಿದ್ದ ಪಯಣ ಈಗ ದಿನಗಳಲ್ಲಿ ಮುಗಿಯಿತು. ಅದನ್ನು ಕಂಡ ಸಂಸತ್ತು ಕಂಪನಿಗೆ ಮತ್ತೆ ಸಾಲ ಮಂಜೂರು ಮಾಡಿತು.

ಅದೇ ವರ್ಷದ ನವೆಂಬರ್ 7ರಂದು ಬ್ರಿಟಿಷ್ ಕೊಲಂಬಿಯದ ಕ್ರೈಗೆಲಾಕಿಯಲ್ಲಿ ಕಂಪನಿಯ ಹೂಡಿಕೆದಾರ ಡೊನಾಲ್ಡ್ ಸ್ಮಿತ್ ಹಳಿಯ ಕೊನೆಯ ಮೊಳೆ ಹೊಡೆದರು. ಮೊದಲ ಏಟಿಗೆ ಮೊಳೆ ಬಾಗಿದ್ದರಿಂದ ಇನ್ನೊಂದನ್ನು ತರಬೇಕಾಯಿತು. ಪಶ್ಚಿಮದ ಕಣಿವೆಗಳಲ್ಲಿ ಬಂಡೆ ಸಿಡಿಸಿ ದಾರಿ ಮಾಡಿದ ಸಾವಿರಾರು ಚೀನೀ ಕೂಲಿಗಳಲ್ಲಿ ಒಬ್ಬರೂ ಆ ಗಳಿಗೆಯ ಪ್ರಸಿದ್ಧ ಚಿತ್ರದಲ್ಲಿಲ್ಲ. ಬಿಳಿಯರಿಗಿಂತ ಕಡಿಮೆ ಕೂಲಿಗೆ ದುಡಿದ ಅವರ ಕೆಲಸ ಮುಗಿಯುತ್ತಿದ್ದ ಹಾಗೆಯೇ, 1885ರಲ್ಲೇ, ಚೀನಾದಿಂದ ಬರುವವರ ಮೇಲೆ ತಲೆಗೆ 50 ಡಾಲರ್ ತೆರಿಗೆ ಬಿತ್ತು. 1903ರಲ್ಲಿ ಅದು 500 ಆಯಿತು. ಆ ತೆರಿಗೆಗಾಗಿ ಕೆನಡಾ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2006ರಲ್ಲಿ.