ಬಿಳಿ ಗೆರೆಯ ಆಚೆ ಒಂದು ದೇಶ

ಕೇಳುಗರೆಲ್ಲರಿಗೂ ನಮಸ್ಕಾರ.

ಲಾಲ್‌ಬಾಗ್ ನೋಡಿದ್ದೀರಲ್ವಾ? ಸುಮಾರು 240 ಎಕರೆ. ಅದರ ಅರ್ಧಕ್ಕೂ ಕಮ್ಮಿ ಜಾಗದಲ್ಲಿ ಒಂದು ಸ್ವತಂತ್ರ ದೇಶ ಇದೆ. ವ್ಯಾಟಿಕನ್ ನಗರ. ಒಟ್ಟು 44 ಹೆಕ್ಟೇರ್, ಅಂದರೆ ಸುಮಾರು 109 ಎಕರೆ. ಸುತ್ತಲೂ ಇಟಲಿಯ ರೋಮ್ ಪಟ್ಟಣ. ಆಳುವವರು ಕ್ಯಾಥೊಲಿಕ್ ಕ್ರೈಸ್ತರ ಜಗದ್ಗುರು ಪೋಪ್. ಕಾನೂನು, ಆಡಳಿತ, ನ್ಯಾಯ, ಮೂರರಲ್ಲೂ ಕೊನೆಯ ಮಾತು ಅವರದೇ.

ಇಷ್ಟು ಹೇಳುವಷ್ಟರಲ್ಲೇ ನನ್ನ ವಿದ್ಯಾರ್ಥಿಗಳು ಕೈ ಎತ್ತುತ್ತಾರೆ. "ಸರ್, ಧರ್ಮಗುರುಗಳಿಗೆ ದೇಶ ಯಾಕೆ? ಒಂದು ದೊಡ್ಡ ಚರ್ಚು ಸಾಲದಾ?" ಸಾಲದು. ಪೋಪ್ ಆದವರು ಇನ್ನೊಬ್ಬ ದೊರೆಯ ಪ್ರಜೆ ಆಗಿರಬಾರದು. ಅದಕ್ಕೇ ದೇಶ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಉಳಿದದ್ದು ಮರೆತುಹೋದರೂ ಪರವಾಗಿಲ್ಲ.

ಹಿಂದೆ ಪೋಪರಿಗೆ ಇಟಲಿಯ ನಡುಭಾಗದಲ್ಲಿ ದೊಡ್ಡ ರಾಜ್ಯವೇ ಇತ್ತು. ಸಾವಿರ ವರ್ಷಕ್ಕೂ ಜಾಸ್ತಿ ಆಳಿದರು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ಪೋರ್ಟಾ ಪಿಯಾ ಎಂಬ ಬಾಗಿಲ ಹತ್ತಿರ ರೋಮ್‌ನ ಕೋಟೆಗೋಡೆಯನ್ನು ಫಿರಂಗಿಯಿಂದ ಒಡೆದು ಒಳಗೆ ನುಗ್ಗಿತು. ರಾಜ್ಯ ಹೋಯಿತು. ಆಗಿನ ಪೋಪ್ ಒಂಬತ್ತನೇ ಪಯಸ್ ವ್ಯಾಟಿಕನ್ ಒಳಗೇ ಉಳಿದುಬಿಟ್ಟರು. ತಾನು ಕೈದಿ ಎಂದರು. ಅವರ ನಂತರ ಬಂದವರೂ ಅದೇ ಹಟ ಹಿಡಿದರು. 59 ವರ್ಷ, ಐವರು ಪೋಪರು, ಒಬ್ಬರೂ ಆಚೆ ಕಾಲಿಡಲಿಲ್ಲ. ಕಾಲಿಟ್ಟರೆ ಇಟಲಿಯ ರಾಜನ ನೆಲ, ಅವನ ಕಾವಲು. ಅವನನ್ನು ಒಡೆಯ ಎಂದು ಒಪ್ಪಿಕೊಂಡ ಹಾಗೇ ಆಗುತ್ತಿತ್ತು ಅಲ್ವಾ?

1929ರ ಫೆಬ್ರವರಿ 11ರಂದು ರೋಮ್‌ನ ಲ್ಯಾಟರನ್ ಅರಮನೆಯಲ್ಲಿ, ವ್ಯಾಟಿಕನ್ ಒಂದು ಸ್ವತಂತ್ರ ದೇಶ ಎಂದು ಇಟಲಿ ಒಪ್ಪಿಕೊಳ್ಳುವ ಒಪ್ಪಂದ ಆಯಿತು. ಇಟಲಿಯ ಪರವಾಗಿ ಪ್ರಧಾನಿ ಮುಸೊಲಿನಿ, ಪೋಪರ ಪರವಾಗಿ ಕಾರ್ಡಿನಲ್ ಗಸ್ಪಾರಿ ಸಹಿ ಹಾಕಿದರು. ಕಾರ್ಡಿನಲ್ ಅಂದರೆ ಪೋಪರ ನಂತರದ ಸಾಲಿನ ಹಿರಿಯ ಧರ್ಮಗುರು. ಪೋಪ್ ಹನ್ನೊಂದನೇ ಪಯಸ್ ಹಳೆಯ ರಾಜ್ಯವನ್ನು ವಾಪಸ್ ಕೇಳಲಿಲ್ಲ. ಆತ್ಮ ನಿಲ್ಲುವುದಕ್ಕೆ ಬೇಕಾದಷ್ಟು ದೇಹ ಇದ್ದರೆ ಸಾಕು ಎಂಬ ಅರ್ಥದ ಮಾತಾಡಿದರು. ಬೇಕಾಗಿದ್ದು ಎಕರೆಗಳಲ್ಲ. ಯಾರ ಕೈಕೆಳಗೂ ಇಲ್ಲದ ಒಂದು ತುಂಡು ನೆಲ.

ಆ ನೆಲ ಸಿಕ್ಕ ಎರಡೇ ವರ್ಷಕ್ಕೆ ಅವರು ಏನು ಕಟ್ಟಿಸಿದರು ಗೊತ್ತೇ? ಬಾನುಲಿ ಕೇಂದ್ರ! ನನಗೆ ತುಂಬಾ ಇಷ್ಟವಾದ ಕತೆ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಕಟ್ಟಿಕೊಟ್ಟವರು ಬೇರೆ ಯಾರೂ ಅಲ್ಲ, ರೇಡಿಯೋ ತಂತ್ರಜ್ಞಾನದ ಹರಿಕಾರ ಸ್ವತಃ ಮಾರ್ಕೋನಿ. 1931ರ ಫೆಬ್ರವರಿ 12ರಂದು ಮೈಕಿನ ಮುಂದೆ ಮೊದಲು ಮಾತಾಡಿದವರೂ ಅವರೇ. ಇಪ್ಪತ್ತು ಶತಮಾನಗಳಿಂದ ಪೋಪರ ಮಾತು ಲೋಕಕ್ಕೆ ಮುಟ್ಟುತ್ತಿದೆ, ಅವರ ದನಿಯೇ ಎಲ್ಲ ಕಡೆ ಏಕಕಾಲಕ್ಕೆ ಕೇಳುವುದು ಇದೇ ಮೊದಲು ಎಂದರು. ಆಮೇಲೆ ಪೋಪ್ ಲ್ಯಾಟಿನ್‌ನಲ್ಲಿ ಮಾತಾಡಿದರು. ಎರಡು ವರ್ಷದ ಹಿಂದೆ ಗೋಡೆಯ ಆಚೆ ಬಾರದೆ ಕೂತಿದ್ದವರು ಅವರು! ಈಗ ದನಿ ಸಮುದ್ರ ದಾಟಿತು.

ಎರಡನೇ ಮಹಾಯುದ್ಧ ಬಂತು. ಕಾಣೆಯಾದ ಸೈನಿಕರು, ಸೆರೆಸಿಕ್ಕವರು, ಸುದ್ದಿಯಿಲ್ಲದ ಮನೆಯವರು. ಇದೇ ಕೇಂದ್ರ ಆ ಹೆಸರುಗಳನ್ನು ಓದತೊಡಗಿತು. 1940ರಿಂದ 1946ರವರೆಗೆ 12 ಲಕ್ಷಕ್ಕೂ ಹೆಚ್ಚು ಸಂದೇಶಗಳು. ಒಂದೊಂದು ಹೆಸರಿನ ಹಿಂದೆಯೂ ರೇಡಿಯೋಗೆ ಕಿವಿ ಹಚ್ಚಿ ಕೂತ ಒಂದು ಮನೆ. 1943ರಲ್ಲಿ ಜರ್ಮನ್ ಸೇನೆ ರೋಮ್ ಹಿಡಿಯಿತು. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದ ಬಾಯಲ್ಲಿ ನೆಲದ ಮೇಲೆ ಒಂದು ಬಿಳಿ ಗೆರೆ ಎಳೆದರು. ಬೇಲಿಯಿಲ್ಲ, ಗೋಡೆಯಿಲ್ಲ, ಸುಮ್ನೆ ಒಂದು ಗೆರೆ. ಬಂದೂಕು ಹಿಡಿದ ಜರ್ಮನ್ ಸೈನಿಕರು ಅದರ ಆಚೆ ನಿಂತು ಕಾವಲು ಕಾದರು. ಅವರನ್ನು ತಡೆದದ್ದು ಬಣ್ಣವಲ್ಲ. ಅದು ಒಂದು ದೇಶದ ಗಡಿ. ಇದಕ್ಕೇ ದೇಶ ಬೇಕು ಎನ್ನುವುದು!

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಪೋಪರ ಆಯ್ಕೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 80 ದಾಟದ ಕಾರ್ಡಿನಲ್‌ಗಳು ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ಒಳಗೆ ಬಾಗಿಲು ಹಾಕಿಕೊಂಡು ಮತ ಹಾಕುತ್ತಾರೆ. ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕು. ಅದರ ಚಿಮಣಿಯಿಂದ ಬಿಳಿ ಹೊಗೆ ಬಂದರೆ ಹೊಸ ಪೋಪ್ ಸಿಕ್ಕರು ಎಂದರ್ಥ. 2025ರ ಮೇ 8ರಂದು ಹದಿನಾಲ್ಕನೇ ಲಿಯೋ ಆರಿಸಿ ಬಂದದ್ದೂ ಹೀಗೇ. ಹೊರಗಿನ ಒತ್ತಡ ಒಳಗೆ ಬರಬಾರದು ಅಂತ ಬಾಗಿಲಿಗೆ ಬೀಗ. ನೋಡಿ, ಇಲ್ಲೂ ಅದೇ ಮಾತು.

ದಿನನಿತ್ಯದ ಆಡಳಿತ ನೋಡಿಕೊಳ್ಳುವ ಕಚೇರಿಗೆ 2025ರ ಮಾರ್ಚ್‌ನಿಂದ ಸಿಸ್ಟರ್ ರಫಾಯೆಲ್ಲಾ ಪೆಟ್ರೀನಿ ಮುಖ್ಯಸ್ಥೆ. ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣುಮಗಳು. ನನಗೆ ಬಹಳ ಖುಷಿ ಕೊಟ್ಟ ಸುದ್ದಿ.

ಇನ್ನು ಪೌರತ್ವ. ಅಲ್ಲಿ ಹುಟ್ಟಿದರೆ ಅದು ಸಿಗುವುದಿಲ್ಲ. ಕೆಲಸದಿಂದ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. 1506ರಿಂದ ಪೋಪರನ್ನು ಕಾಯುತ್ತಿರುವ ಸ್ವಿಸ್ ಗಾರ್ಡ್ ಪಡೆಯ ಹುಡುಗ ಕೆಲಸ ಮುಗಿಸಿ, ಆ ಪಟ್ಟೆಪಟ್ಟೆ ಸಮವಸ್ತ್ರ ಕಳಚಿಟ್ಟು ಊರಿಗೆ ಹೊರಟರೆ ಮತ್ತೆ ಬರೀ ಸ್ವಿಟ್ಜರ್ಲೆಂಡಿನವನೇ.

ನಮಸ್ಕಾರ.